ಸಾವಿನ ಮನೆಗೆ ಬಂದ ಭೂತ: ‘ದ ಬಾಬಾಡೂಕ್’ ಸಿನೆಮಾ ಮತ್ತು ಅದರ ಹಿಂದಿನ ಚರಿತ್ರೆ

ಹೆದರಿಸುವ ಸಿನೆಮಾಗಳಿಗೆಲ್ಲ ನಾವು ಒಟ್ಟಾಗಿ ‘ಭೂತದ ಸಿನೆಮಾ’ ಎಂದೇ ಹೇಳುವುದು. ಆದರೆ ಕಾಸರಗೋಡಿನವರಾದ ನಮಗೆ ಈ ಹೆಸರು ಅಷ್ಟು ಸರಿಹೊಂದುವುದಿಲ್ಲ. ನಮ್ಮಲ್ಲಿ ಭೂತವೆಂದರೆ ಬರೀ ಓಡಿಸಬೇಕಾದ ಪೀಡೆಯಲ್ಲ. ಕೋಲ ಕೊಟ್ಟು, ನುಡಿ ಕೇಳಿ, ಕೈಮುಗಿದು ಬೀಳ್ಕೊಡುವ ದೈವವೂ ಹೌದು. ಮೈಮೇಲೆ ಬರುವುದನ್ನು ಚಿಕ್ಕಂದಿನಿಂದ ಅಂಗಳದಲ್ಲಿ ನೋಡಿ ಬೆಳೆದವರು ನಾವು. ಆದ್ದರಿಂದ ಪಶ್ಚಿಮದ ಸಿನೆಮಾಗಳಲ್ಲಿ ಪಾದ್ರಿ ಬಂದು ಮಂತ್ರಜಲ ಚಿಮುಕಿಸಿ ಪಿಶಾಚಿಯನ್ನು ಓಡಿಸುವುದನ್ನು ಕಂಡಾಗ, ಅದು ಬೇರೆ ಯಾರದೋ ಮನೆಯ ಸುದ್ದಿ ಎಂದೇ ನಮಗೆ ಅನಿಸುವುದು. ಆಸ್ಟ್ರೇಲಿಯಾದಲ್ಲಿ 2014ರಲ್ಲಿ ತೆರೆಕಂಡ ‘ದ ಬಾಬಾಡೂಕ್’ ಎಂಬ ಸಣ್ಣ ಖರ್ಚಿನ ಸಿನೆಮಾ ಮಾತ್ರ ಹಾಗಲ್ಲ. ಅದರ ಬಗ್ಗೆ, ಮತ್ತು ಅದು ಹುಟ್ಟಿಬಂದ ದಾರಿಯ ಬಗ್ಗೆ ಇಲ್ಲಿ ಸ್ವಲ್ಪ ಬರೆಯುತ್ತೇವೆ. ಮೊದಲೇ ಹೇಳಿಬಿಡುವುದು ಒಳ್ಳೆಯದು: ಇದು ಮಕ್ಕಳಿಗೆ ತೋರಿಸುವ ಸಿನೆಮಾ ಅಲ್ಲ. ಅಧ್ಯಾಪಕರೂ ಹೆತ್ತವರೂ ನೋಡಬೇಕಾದದ್ದು.

ಕಥೆ ಹೀಗಿದೆ. ಅಮೀಲಿಯಾ ಎಂಬ ಹೆಂಗಸು ವೃದ್ಧರ ಆರೈಕೆ ಕೇಂದ್ರದಲ್ಲಿ ಕೆಲಸ ಮಾಡುವವಳು. ಹೆರಿಗೆಗೆಂದು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಕಾರು ಅಪಘಾತದಲ್ಲಿ ಅವಳ ಗಂಡ ಆಸ್ಕರ್ ಸಾಯುತ್ತಾನೆ. ಅದೇ ದಿನ ಮಗ ಸ್ಯಾಮುವೆಲ್ ಹುಟ್ಟುತ್ತಾನೆ. ಹಾಗಾಗಿ ಮಗನ ಹುಟ್ಟುಹಬ್ಬವೆಂದರೆ ಗಂಡನ ತಿಥಿಯ ದಿನ. ಹುಡುಗನಿಗೆ ಏಳು ತುಂಬುತ್ತಾ ಬಂದರೂ ಅವನ ಹುಟ್ಟುಹಬ್ಬವನ್ನು ಆ ದಿನದಂದು ಒಮ್ಮೆಯೂ ಆಚರಿಸಿಲ್ಲ. ಗಂಡನ ಬಟ್ಟೆಬರೆ, ಪಿಟೀಲು ಎಲ್ಲವೂ ನೆಲಮಾಳಿಗೆಯಲ್ಲಿ ಬೀಗದೊಳಗೆ. ಅವನ ಹೆಸರು ಎತ್ತುವುದು ಕೂಡ ಅವಳಿಗೆ ಇಷ್ಟವಿಲ್ಲ. ಹುಡುಗನಿಗೋ ರಾತ್ರಿ ನಿದ್ದೆ ಇಲ್ಲ, ಮಂಚದ ಅಡಿಯಲ್ಲಿ ಏನೋ ಇದೆ ಎಂಬ ಹೆದರಿಕೆ. ಅಮ್ಮನನ್ನು ಕಾಪಾಡುವುದಕ್ಕೆಂದು ಮರದ ತುಂಡು, ಹಗ್ಗ ಸೇರಿಸಿ ಆಯುಧಗಳನ್ನು ಮಾಡುತ್ತಾನೆ. ಒಂದು ರಾತ್ರಿ ಕಪಾಟಿನಲ್ಲಿ, ಯಾರು ತಂದಿಟ್ಟರೆಂದು ಗೊತ್ತಿಲ್ಲದ ಒಂದು ಕೆಂಪು ರಟ್ಟಿನ ಪುಸ್ತಕ ಸಿಗುತ್ತದೆ. ಪುಟ ತೆರೆದರೆ ಚಿತ್ರಗಳು ಎದ್ದು ನಿಲ್ಲುವಂಥ ಪುಸ್ತಕ. ಅದರಲ್ಲಿ ಎತ್ತರದ ಟೊಪ್ಪಿ, ಉದ್ದ ಉಗುರುಗಳ ಬಾಬಾಡೂಕ್. ಪುಸ್ತಕವನ್ನು ಹರಿದು ಬಿಸಾಡಿದರೆ ಮತ್ತೆ ಅಂಟಿಸಿಕೊಂಡು ಬಾಗಿಲಿಗೆ ಬರುತ್ತದೆ, ಜೊತೆಗೆ ಹೊಸ ಪುಟಗಳು. ಆ ಪುಟಗಳಲ್ಲಿ ತಾಯಿಯೇ ನಾಯಿಯನ್ನು, ಆಮೇಲೆ ಮಗನನ್ನು ಕೊಲ್ಲುವ ಚಿತ್ರ.

ಕೊನೆಗೆ ಆ ಬಾಬಾಡೂಕ್ ಬಂದು ಹೊಗುವುದು ಹುಡುಗನ ಮೈಯನ್ನಲ್ಲ, ತಾಯಿಯ ಮೈಯನ್ನು. ಇಲ್ಲೇ ಈ ಸಿನೆಮಾ ಹಳೆಯ ದಾರಿ ಬಿಟ್ಟದ್ದು. ಅದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸತ್ತವರು ಮನೆಯ ಬಾಗಿಲು ಬಡಿಯುವ ಕಥೆ ಲೋಕದ ಎಲ್ಲ ಕಡೆಯೂ ಇದೆ. ಆದರೆ ಇಂಗ್ಲಿಷ್ ಸಿನೆಮಾದ ಭೂತಕ್ಕೆ ಒಂದು ತಕ್ಕಮಟ್ಟಿನ ದಾಖಲಿತ ಚರಿತ್ರೆಯೇ ಇದೆ. 1848ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹೈಡ್ಸ್‌ವಿಲ್ ಎಂಬ ಹಳ್ಳಿಯಲ್ಲಿ ಫಾಕ್ಸ್ ಎಂಬ ಮನೆತನದ ಇಬ್ಬರು ಹುಡುಗಿಯರು, ಗೋಡೆಯೊಳಗೆ ಸತ್ತವನೊಬ್ಬ ಟಕ್ ಟಕ್ ಎಂದು ಬಡಿದು ತಮಗೆ ಉತ್ತರ ಕೊಡುತ್ತಾನೆ ಎಂದರು. ಅದು ಊರೂರು ಹಬ್ಬಿತು. ಸತ್ತವರೊಡನೆ ಮಾತಾಡಿಸಿಕೊಡುವ ‘ಮೀಡಿಯಂ’ಗಳು ಹುಟ್ಟಿಕೊಂಡರು. ನಾಲ್ಕು ದಶಕಗಳ ನಂತರ, 1888ರಲ್ಲಿ, ಆ ಸೋದರಿಯರಲ್ಲಿ ಒಬ್ಬಳಾದ ಮಾರ್ಗರೆಟ್ಟಾ ತುಂಬಿದ ಸಭೆಯ ಎದುರು ಕಾಲಬೆರಳಿನ ಗಂಟಿನಿಂದ ಆ ಸದ್ದು ಹೊರಡಿಸಿ ತೋರಿಸಿದಳು. ಮರುವರ್ಷ ಆ ಮಾತನ್ನೂ ಹಿಂದಕ್ಕೆ ತೆಗೆದುಕೊಂಡಳು ಅನ್ನಿ!

ಮೋಸವೆಂದು ಗೊತ್ತಾದ ಮೇಲೂ ಜನ ಬಿಡಲಿಲ್ಲ. ಕಾರಣ ಸುಲಭ. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ಆರು ಲಕ್ಷಕ್ಕೂ ಮಿಕ್ಕಿ ಸೈನಿಕರು ಸತ್ತರು. ಎಷ್ಟೋ ಮನೆಗಳಿಗೆ ಶವವೂ ಸಿಗಲಿಲ್ಲ, ಗೋರಿ ಎಲ್ಲಿ ಎಂಬುದೂ ತಿಳಿಯಲಿಲ್ಲ. ಯುದ್ಧಕಾಲದ ಅಧ್ಯಕ್ಷ ಲಿಂಕನ್ನರ ಹೆಂಡತಿ ಮೇರಿಯೇ, 1862ರಲ್ಲಿ ಮಗ ವಿಲ್ಲಿ ಜ್ವರದಿಂದ ತೀರಿಕೊಂಡ ಮೇಲೆ, ಶ್ವೇತಭವನದಲ್ಲಿ ಮೀಡಿಯಂಗಳನ್ನು ಕೂರಿಸಿ ಮಗನ ದನಿಗಾಗಿ ಕಾದವಳು. ನಾವು ಚರಿತ್ರೆಯ ಪಾಠದಲ್ಲಿ ಲಿಂಕನ್ನರ ಗುಲಾಮಗಿರಿ ವಿಮೋಚನೆಯನ್ನು ಕಲಿಸುತ್ತೇವೆ, ಕಲಿಸಬೇಕಾದ್ದೇ. ಆದರೆ ಅದೇ ಮನೆಯ ಇನ್ನೊಂದು ಕೋಣೆಯಲ್ಲಿ ಒಬ್ಬ ತಾಯಿ ಕತ್ತಲಲ್ಲಿ ಕೂತು ಸತ್ತ ಮಗನನ್ನು ಕರೆಯುತ್ತಿದ್ದಳು ಎಂಬುದೂ ಚರಿತ್ರೆಯೇ. 1891ರಲ್ಲಿ ‘ವೀಜಾ ಬೋರ್ಡ್’ ಎಂಬ ಅಕ್ಷರದ ಹಲಗೆಗೆ ಪೇಟೆಂಟ್ ಸಿಕ್ಕಿತು. ಸತ್ತವರೊಡನೆ ಮಾತಾಡುವ ಆಸೆ ಅಲ್ಲಿಗೆ ಅಂಗಡಿಯ ಆಟದ ಸಾಮಾನಾಯಿತು.

ಈ ಹಲಗೆಯಿಂದಲೇ ಮುಂದಿನ ಕೊಂಡಿ. 1949ರಲ್ಲಿ ಮೇರಿಲ್ಯಾಂಡಿನ ಹದಿಹರೆಯದ ಹುಡುಗನೊಬ್ಬನಿಗೆ ಪಿಶಾಚಿ ಹಿಡಿದಿದೆಯೆಂದು ಕೆಥೋಲಿಕ್ ಪಾದ್ರಿಗಳು ವಾರಗಟ್ಟಲೆ ವಿಧಿ ನಡೆಸಿದರು. ಆ ಸುದ್ದಿಯನ್ನು ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ ಓದಿದ ವಿದ್ಯಾರ್ಥಿ ವಿಲಿಯಂ ಪೀಟರ್ ಬ್ಲಾಟಿ 1971ರಲ್ಲಿ ‘ದ ಎಕ್ಸಾರ್ಸಿಸ್ಟ್’ ಕಾದಂಬರಿ ಬರೆದ. 1973ರಲ್ಲಿ ವಿಲಿಯಂ ಫ್ರೀಡ್ಕಿನ್ ಅದನ್ನು ಸಿನೆಮಾ ಮಾಡಿದ. ಎಲ್ಲರೂ ನೆನಪಿಟ್ಟದ್ದು ತಿರುಗುವ ತಲೆ, ಹಸಿರು ವಾಂತಿ. ಹೆಚ್ಚಿನವರು ಮರೆತದ್ದು ಬೇರೆ ಎರಡು ಸಂಗತಿ. ಒಂದು, ಮೂಲ ಪ್ರಕರಣದ ಆ ಹುಡುಗನಿಗೆ ವೀಜಾ ಬೋರ್ಡ್ ಪರಿಚಯಿಸಿದವಳು ಅವನಿಗೆ ಆಪ್ತಳಾಗಿದ್ದ ಒಬ್ಬ ಬಂಧು, ಆಕೆ ಸತ್ತ ದಿನಗಳಲ್ಲೇ ಮನೆಯಲ್ಲಿ ಗಲಾಟೆ ಶುರುವಾದದ್ದು. ಎರಡು, ಸಿನೆಮಾದ ಕಿರಿಯ ಪಾದ್ರಿ ಕಾರಸ್ ತಾಯಿಯನ್ನು ಕಳೆದುಕೊಂಡವನು. ಕೊನೆಗಾಲದಲ್ಲಿ ಅವಳ ಹತ್ತಿರ ಇರಲಿಲ್ಲವೆಂಬ ಕೊರಗು ಅವನದು, ಪಿಶಾಚಿ ಅವನನ್ನು ಹೊಡೆಯುವುದು ಆ ತಾಯಿಯ ರೂಪದಿಂದಲೇ. ಅಂದರೆ ಪಿಶಾಚಿಗೆ ಬಾಗಿಲು ಯಾವುದು ಎಂಬುದು 1973ರಲ್ಲೇ ಗೊತ್ತಿತ್ತು. ಆದರೆ ಆ ಸಿನೆಮಾ ಬಾಗಿಲಿನ ಬಗ್ಗೆ ಹೆಚ್ಚು ಯೋಚಿಸದೆ, ಬಂದವನನ್ನು ಓಡಿಸುವುದರ ಬಗ್ಗೆ ಯೋಚಿಸಿತು. ಒಂದು ಕೋಟಿ ಡಾಲರಿಗೂ ಮಿಕ್ಕಿ ಖರ್ಚು ಮಾಡಿದ್ದರಿಂದ ದೊಡ್ಡ ಯುದ್ಧವನ್ನೇ ತೋರಿಸಬೇಕಾಯಿತೋ ಏನೋ.

ಕಡಿಮೆ ಖರ್ಚಿನವರಿಗೆ ಆ ಅನುಕೂಲ ಇರಲಿಲ್ಲ. 1981ರ ‘ದ ಈವಿಲ್ ಡೆಡ್’ ಸುಮಾರು ಮೂರೂಮುಕ್ಕಾಲು ಲಕ್ಷ ಡಾಲರಿನಲ್ಲಿ, ಕಾಡಿನ ಒಂದು ಹಳೆ ಮನೆಯಲ್ಲಿ ಆದದ್ದು. ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ಯ ನಿರ್ದೇಶಕ ಓರೆನ್ ಪೆಲಿ 2006ರಲ್ಲಿ ತನ್ನ ಸ್ವಂತ ಮನೆಯಲ್ಲೇ ಸುಮಾರು ಹದಿನೈದು ಸಾವಿರ ಡಾಲರಿನಲ್ಲಿ ಚಿತ್ರೀಕರಿಸಿದ, 2009ರಲ್ಲಿ ಅದು ಥಿಯೇಟರಿಗೆ ಬಂದು ಹತ್ತೊಂಬತ್ತು ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಹಣ ಇಲ್ಲದವನಿಗೆ ಇರುವುದು ಒಂದು ಮನೆ, ಮೂರು ನಾಲ್ಕು ಜನ, ಕತ್ತಲೆ. ಅಷ್ಟೇ ಇಟ್ಟುಕೊಂಡು ಕಥೆ ಹೇಳಬೇಕೆಂದರೆ ಆ ಮನೆಯ ಒಳಗೇ ಏನೋ ಆಗಿರಬೇಕು. ಸಾವು ಆಗಿರಬೇಕು. ಬಡತನವೇ ಈ ಸಿನೆಮಾಗಳನ್ನು ಮನೆಯ ದುಃಖದ ಹತ್ತಿರ ತಂದು ನಿಲ್ಲಿಸಿತು ಎಂದು ನಮ್ಮ ಅಭಿಪ್ರಾಯ.

‘ಬಾಬಾಡೂಕ್’ ಮಾಡಿದ ಜೆನ್ನಿಫರ್ ಕೆಂಟ್ ಬ್ರಿಸ್ಬೇನ್‌ನಲ್ಲಿ ಹುಟ್ಟಿದವರು. ಮೊದಲು ನಟನೆ ಕಲಿತರು. ನಂತರ ಡೆನ್ಮಾರ್ಕಿನ ನಿರ್ದೇಶಕ ಲಾರ್ಸ್ ಫಾನ್ ಟ್ರಿಯರ್ ಅವರ ‘ಡಾಗ್‌ವಿಲ್’ (2003) ಚಿತ್ರೀಕರಣದಲ್ಲಿ ಇದ್ದು ಕೆಲಸ ನೋಡಿ ಕಲಿತರು. 2005ರಲ್ಲಿ ‘ಮಾನ್‌ಸ್ಟರ್’ ಎಂಬ ಹತ್ತು ನಿಮಿಷದ ಕಪ್ಪುಬಿಳುಪು ಕಿರುಚಿತ್ರ ಮಾಡಿದರು. ಅಲ್ಲಿಯೂ ತಾಯಿ, ಮಗ, ಮನೆಯೊಳಗಿನ ಒಂದು ಆಕೃತಿ. ಬಾಬಾಡೂಕ್‌ನ ಬೀಜ ಅದೇ. ದೊಡ್ಡ ಚಿತ್ರಕ್ಕೆ ಸಿಕ್ಕಿದ್ದು ಸುಮಾರು ಇಪ್ಪತ್ತು ಲಕ್ಷ ಅಮೆರಿಕನ್ ಡಾಲರ್, ಹೆಚ್ಚಿನ ಪಾಲು ಸರಕಾರಿ ಚಲನಚಿತ್ರ ಸಂಸ್ಥೆಗಳದ್ದು. ಸೆಟ್ಟಿನ ಕೆಲಸಕ್ಕೆ ಸಾಕಾಗದೆ 2012ರಲ್ಲಿ ಕಿಕ್‌ಸ್ಟಾರ್ಟರ್ ಎಂಬ ಇಂಟರ್ನೆಟ್ ತಾಣದ ಮೂಲಕ ಸಾರ್ವಜನಿಕರಿಂದ ಸುಮಾರು ಮೂವತ್ತು ಸಾವಿರ ಡಾಲರ್ ಎತ್ತಿದರು. ಶಾಲೆಯ ಕಟ್ಟಡಕ್ಕೆ ಊರವರಿಂದ ಚಂದಾ ಎತ್ತಿ ಅಭ್ಯಾಸವಿರುವ ನಮಗೆ ಇದು ಹೊಸತಲ್ಲ!

ಚಿತ್ರೀಕರಣ ದಕ್ಷಿಣ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ. ಮನೆಯ ಒಳಭಾಗವನ್ನು ಸ್ಟುಡಿಯೋದಲ್ಲೇ ಕಟ್ಟಿದರು. ಗೋಡೆ, ಬಾಗಿಲು, ಪೀಠೋಪಕರಣ ಎಲ್ಲ ಬೂದು, ನೀಲಿ, ಕಪ್ಪು. ಬಣ್ಣವನ್ನು ಕೆಮರಾದಲ್ಲಿ ಬದಲಿಸದೆ ಮನೆಗೇ ಬಳಿದರು. ಬಾಬಾಡೂಕ್‌ನ ರೂಪ ಕೂಡ ಹಳೆಯ ಮೂಕಿ ಚಿತ್ರಗಳಿಂದ ಬಂದದ್ದು. 1927ರ ‘ಲಂಡನ್ ಆಫ್ಟರ್ ಮಿಡ್‌ನೈಟ್’ನಲ್ಲಿ ನಟ ಲಾನ್ ಚೇನಿ ಹಾಕಿದ ಎತ್ತರದ ಟೊಪ್ಪಿ, ಹಲ್ಲು ಕಿಸಿದ ಮುಖದ ವೇಷವೇ ಅದಕ್ಕೆ ಪ್ರೇರಣೆ. ಸ್ವಾರಸ್ಯವೆಂದರೆ ಆ ಸಿನೆಮಾ ಈಗ ಎಲ್ಲಿಯೂ ಸಿಗುವುದಿಲ್ಲ. ಅದರ ಕೊನೆಯ ಪ್ರತಿ 1960ರ ದಶಕದ ಒಂದು ಬೆಂಕಿಯಲ್ಲಿ ಹೋಯಿತು, ಉಳಿದದ್ದು ಕೆಲವು ಫೋಟೋಗಳು ಮಾತ್ರ. ಸತ್ತ ಸಿನೆಮಾದ ಮುಖ ಹೊತ್ತು ಈ ಭೂತ ಬಂತು ಎನ್ನಬಹುದು. ಕಂಪ್ಯೂಟರಿನ ಚಮತ್ಕಾರವನ್ನು ಆದಷ್ಟು ದೂರವಿಟ್ಟು, ಒಂದೊಂದೇ ಚೌಕಟ್ಟು ಸರಿಸಿ ತೆಗೆಯುವ ಹಳೆಯ ಕ್ರಮದಲ್ಲಿ ಅದನ್ನು ನಡೆಸಿದರು.

ಅಧ್ಯಾಪಕರಾಗಿ ನಮಗೆ ಬಹಳ ಮೆಚ್ಚುಗೆಯಾದದ್ದು ಬೇರೆಯೇ ಒಂದು ಸಂಗತಿ. ಸ್ಯಾಮುವೆಲ್ ಪಾತ್ರ ಮಾಡಿದ ನೋವಾ ವೈಸ್‌ಮನ್‌ಗೆ ಆಗ ಆರರ ಪ್ರಾಯ. ತಾಯಿ ಮಗನನ್ನು ಬಾಯಿಗೆ ಬಂದಂತೆ ಬೈಯುವ ದೃಶ್ಯಗಳು ಸಿನೆಮಾದಲ್ಲಿ ಸಾಕಷ್ಟಿವೆ, ಕೇಳಲಿಕ್ಕೇ ಕಷ್ಟ. ಅಂಥ ಮಾತುಗಳನ್ನು ನಟಿ ಎಸ್ಸಿ ಡೇವಿಸ್ ಹೇಳುವಾಗ ಎದುರಿಗೆ ಹುಡುಗ ಇರಲೇ ಇಲ್ಲ. ದೊಡ್ಡವರೊಬ್ಬರನ್ನು ಮಂಡಿಯೂರಿಸಿ ಮಗುವಿನ ಎತ್ತರಕ್ಕೆ ಕೂರಿಸಿ, ಅವರನ್ನು ನೋಡಿ ಬೈಯಿಸಿದರು. ಹುಡುಗನ ಭಾಗವನ್ನು ಬೇರೆಯಾಗಿ ತೆಗೆದು ಆಮೇಲೆ ಜೋಡಿಸಿದರು. ಹಣ ಕಡಿಮೆ, ದಿನ ಕಡಿಮೆ, ಆದರೂ ಒಂದು ಮಗುವಿನ ಕಿವಿಗೆ ಆ ಮಾತು ಬೀಳಬಾರದೆಂದು ಸಮಯ ಕೊಟ್ಟರು. ನಮ್ಮ ಶಾಲಾ ವಾರ್ಷಿಕೋತ್ಸವದ ನಾಟಕಗಳಿಗೂ ಇದರಿಂದ ಕಲಿಯಲಿಕ್ಕಿದೆ.

ಸಿನೆಮಾದೊಳಗಿನ ಶಾಲೆ ಮಾತ್ರ ಅಷ್ಟು ಒಳ್ಳೆಯದಲ್ಲ. ಹುಡುಗ ಆಯುಧ ತಂದನೆಂದು ತಾಯಿಯನ್ನು ಕರೆಸುತ್ತಾರೆ. ಅವನನ್ನು ಬೇರೆಯಾಗಿ ಕೂರಿಸಿ ಒಬ್ಬರನ್ನು ಕಾವಲಿಗೆ ಇಡುವುದೆಂದು ತೀರ್ಮಾನಿಸಿ ಆಗಿದೆ. ಹೆಸರು ಹೇಳದೆ ‘ಆ ಹುಡುಗ’ ಎಂದೇ ಅವನ ಬಗ್ಗೆ ಮಾತು. ಅವನಿಗೆ ಹೆಸರಿದೆ ಎಂದು ತಾಯಿಯೇ ನೆನಪಿಸಬೇಕಾಗುತ್ತದೆ. ಕಾನೂನಿನ ಪ್ರಕಾರ ನೋಡಿದರೆ ಶಾಲೆಯವರು ತಪ್ಪು ಮಾಡಲಿಲ್ಲ. ತರಗತಿಯಲ್ಲಿ ಉಳಿದ ಮಕ್ಕಳ ಜವಾಬ್ದಾರಿಯೂ ಇದೆಯಲ್ಲ. ಆದರೆ ಅವನು ಯಾಕೆ ಆಯುಧ ಮಾಡುತ್ತಾನೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಕೇಳಿದ್ದರೆ ಉತ್ತರ ಸುಲಭವಿತ್ತು: ಅಪ್ಪ ಸತ್ತ, ಇನ್ನು ಅಮ್ಮನೂ ಸಾಯಬಾರದು. ವೈದ್ಯರು ನಿದ್ದೆಯ ಮಾತ್ರೆ ಕೊಡುತ್ತಾರೆ. ಪೊಲೀಸರು ನಗುತ್ತಾರೆ. ತಂಗಿ ಮನೆಗೆ ಬರುವುದನ್ನೇ ನಿಲ್ಲಿಸಿದ್ದಾಳೆ. ಈ ಸಿನೆಮಾದಲ್ಲಿ ಪಾದ್ರಿಯೇ ಇಲ್ಲ, ಮಂತ್ರವಾದಿಯೂ ಇಲ್ಲ. ಪಕ್ಕದ ಮನೆಯ, ಕೈನಡುಗುವ ಅಜ್ಜಿಯೊಬ್ಬಳು ಮಾತ್ರ ಬಾಗಿಲಿಗೆ ಬಂದು ವಿಚಾರಿಸುವವಳು.

2020–21ರ ಕೊರೊನಾದ ನಂತರ ನಮ್ಮ ತರಗತಿಗಳಲ್ಲಿಯೂ ಅಪ್ಪನೋ ಅಮ್ಮನೋ ಇಲ್ಲದ ಮಕ್ಕಳು ಬಂದು ಕುಳಿತರು. ಕೆಲವರು ಮೌನ. ಕೆಲವರು ಬೆಂಚು ಹೊಡೆಯುವುದು, ಹಿಂದಿನವನ ಚೀಲ ಎಸೆಯುವುದು, ಪಾಠದ ನಡುವೆ ಎದ್ದು ಹೋಗುವುದು. ‘ಇವನಿಗೆ ಏನು ಭೂತ ಹಿಡಿದಿದೆಯೋ’ ಎಂಬ ಮಾತು ಅಧ್ಯಾಪಕರ ಕೊಠಡಿಯಲ್ಲಿ ಎಷ್ಟು ಸುಲಭವಾಗಿ ಬರುತ್ತದೆ! ಮಾತು ಹೇಳಿದವರು ಕೆಟ್ಟವರಲ್ಲ. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಪಾಠ ಮುಗಿಸುವ ಅವಸರ. ಆದರೂ ಆ ಮಾತನ್ನು ಮಗು ಕೇಳಿಸಿಕೊಂಡಿರುತ್ತದೆ.

ಇನ್ನು ಸಿನೆಮಾದ ಕೊನೆ. ಅದನ್ನು ಹೇಳದೆ ಈ ಬರಹ ಮುಂದೆ ಹೋಗದು, ನೋಡದವರು ಕ್ಷಮಿಸಬೇಕು. ಬಾಬಾಡೂಕ್ ಹೊಕ್ಕ ತಾಯಿ ನಾಯಿಯನ್ನು ಕೊಂದು, ಮಗನ ಕತ್ತಿಗೂ ಕೈಹಾಕುತ್ತಾಳೆ. ಹುಡುಗ ಆ ಸ್ಥಿತಿಯಲ್ಲಿಯೂ ಅವಳ ಕೆನ್ನೆ ಸವರುತ್ತಾನೆ. ಅವಳು ಕಪ್ಪಗೆ ಕಾರಿಕೊಂಡು ತನ್ನ ಮೈಗೆ ಮರಳುತ್ತಾಳೆ. ಆದರೂ ಭೂತ ಹೋಗುವುದಿಲ್ಲ, ಗಂಡನ ಸಾವನ್ನೇ ಮತ್ತೆ ಕಣ್ಣೆದುರು ತೋರಿಸುತ್ತದೆ. ಆಗ ಅವಳು ಎದ್ದು ನಿಂತು ಇದು ತನ್ನ ಮನೆ ಎಂದು ಗದರಿಸುತ್ತಾಳೆ. ಅದು ಕುಸಿದು, ಓಡಿಹೋಗಿ ನೆಲಮಾಳಿಗೆ ಸೇರುತ್ತದೆ. ಮುಂದಿನ ದೃಶ್ಯದಲ್ಲಿ ಹಗಲು. ಮಗನ ಹುಟ್ಟುಹಬ್ಬ, ಈ ಸಲ ಅದೇ ದಿನ. ಮನೆಗೆ ಬಂದ ಸರಕಾರಿ ಅಧಿಕಾರಿಗಳ ಎದುರು ಗಂಡ ಅದೇ ದಿನ ಸತ್ತ ಸಂಗತಿಯನ್ನು ಮುಚ್ಚುಮರೆ ಇಲ್ಲದೆ ಮಾತಾಡುತ್ತಾರೆ. ತಾಯಿಮಗ ಹಿತ್ತಿಲಿನ ಮಣ್ಣಿನಿಂದ ಎರೆಹುಳು ಹೆಕ್ಕಿ ಬಟ್ಟಲಿಗೆ ಹಾಕುತ್ತಾರೆ. ಅವಳು ಬಟ್ಟಲು ಹಿಡಿದು ನೆಲಮಾಳಿಗೆಗೆ ಇಳಿಯುತ್ತಾಳೆ. ಕತ್ತಲಲ್ಲಿ ಅದು ಒಮ್ಮೆ ಆರ್ಭಟಿಸುತ್ತದೆ. ಅವಳು ಅಳುವ ಮಗುವನ್ನು ಸಮಾಧಾನ ಮಾಡುವಂತೆ ಮಾಡಿ, ಬಟ್ಟಲು ಇಟ್ಟು, ಮೇಲೆ ಬರುತ್ತಾಳೆ.

ಇದನ್ನು ನೋಡಿದ ಪಶ್ಚಿಮದ ವಿಮರ್ಶಕರು ದುಃಖದ ರೂಪಕ ಎಂದು ಬಹಳ ಬರೆದರು. ಸರಿಯೇ. ಆದರೆ ತುಳುನಾಡಿನವರಿಗೆ ಇದು ಬರೀ ರೂಪಕವಾಗಿ ಕಾಣುವುದಿಲ್ಲ. ನಮ್ಮಲ್ಲಿ ಸತ್ತ ಹಿರಿಯರು ‘ಕುಲೆ’ಗಳು. ಆಟಿ ತಿಂಗಳಲ್ಲಿ ಅವರಿಗೆ ಬಾಳೆಲೆಯಲ್ಲಿ ಬಡಿಸಿ, ಬಾಗಿಲು ಮುಚ್ಚಿ, ಸ್ವಲ್ಪ ಹೊತ್ತು ಹೊರಗೆ ಕಾದು, ಆಮೇಲೆ ಮನೆಯವರ ಊಟ. ಮಲಯಾಳ ಮಾತಾಡುವ ನೆರೆಯವರಿಗೆ ಅದೇ ತಿಂಗಳು ಕರ್ಕಟಕ, ಅಮಾವಾಸ್ಯೆಯ ದಿನ ವಾವುಬಲಿ. ಮದುವೆಯಾಗದೆ ಸಣ್ಣ ಪ್ರಾಯದಲ್ಲಿ ಸತ್ತವರಿಗೆ ಎಷ್ಟೋ ವರ್ಷಗಳ ನಂತರ ಕುಲೆ ಮದುವೆ ಮಾಡಿಸುವ ಕುಟುಂಬಗಳೂ ಇವೆ. ಅನ್ಯಾಯವಾಗಿ ನೊಂದು ಸತ್ತವರೇ ದೈವಗಳಾಗಿ ವರ್ಷವರ್ಷ ಬಂದು ಮಾತಾಡುತ್ತಾರೆ: ತುಳುವಿನಲ್ಲಿ ಕಲ್ಲುರ್ಟಿ ಕಲ್ಕುಡರು, ತೆಯ್ಯಂನಲ್ಲಿ ಮುಚ್ಚಿಲೋಟ್ ಭಗವತಿ. ಓಡಿಸುವುದಲ್ಲ, ಜಾಗ ಕೊಡುವುದು. ಜಾಗ ಕೊಟ್ಟು, ಹೊತ್ತು ಗೊತ್ತು ಮಾಡಿ, ಉಣ್ಣಲು ಕೊಡುವುದು. ಅಮೀಲಿಯಾ ಎರೆಹುಳು ಇಟ್ಟದ್ದೂ ಒಂದು ಅಗೆಲೇ ಅಲ್ಲವೇ?

ಇದರಿಂದ ನಮ್ಮವರು ಎಲ್ಲವನ್ನೂ ಮೊದಲೇ ಬಲ್ಲವರು ಎಂದು ಬೀಗುವ ಅಗತ್ಯ ಇಲ್ಲ. ಮೈಮೇಲೆ ಬಂತೆಂದು ಹೆಂಗಸರನ್ನು ಬೆತ್ತದಿಂದ ಹೊಡೆದದ್ದು, ಮದ್ದು ಬೇಕಾದಲ್ಲಿ ಮಂತ್ರ ಮಾಡಿಸಿದ್ದು ನಮ್ಮ ಕಡೆಯೂ ಇದೆ. ಹೇಳುವುದು ಇಷ್ಟೇ: ಕೆಂಟ್ ಅವರಿಗೆ ನಮ್ಮ ಆಟಿಯ ಎಲೆ ಗೊತ್ತಿರಲು ಕಾರಣವಿಲ್ಲ. ಆದರೂ ಒಬ್ಬ ತಾಯಿಯ ದುಃಖವನ್ನು ಕೊನೆಯವರೆಗೆ ನೋಡಿದಾಗ ಅವರೂ ಬಂದು ತಲುಪಿದ್ದು ಒಂದು ಬಟ್ಟಲಿಗೆ.

ನಮ್ಮ ರಾಜ್ಯದಲ್ಲಿಯೂ ಈ ಜಾತಿಯ ಸಿನೆಮಾ ಬಂದಿದೆ. ರಾಹುಲ್ ಸದಾಶಿವನ್ ನಿರ್ದೇಶಿಸಿದ ‘ಭೂತಕಾಲಂ’ 2022ರ ಜನವರಿಯಲ್ಲಿ ಸೋನಿಲಿವ್ ಮೂಲಕ ನೇರವಾಗಿ ಮನೆಮನೆಗೆ ಬಂತು. ಅಲ್ಲಿಯೂ ಒಂದು ಮನೆ, ತಾಯಿ, ಮಗ. ಹಾಸಿಗೆ ಹಿಡಿದಿದ್ದ ಅಜ್ಜಿಯ ಸಾವಿನಿಂದ ಕಥೆ ಹೊರಡುವುದು. ಮಗನಿಗೆ ಕಾಣುವುದು ಭೂತವೋ ಮನೋರೋಗವೋ ಎಂದು ಊರೆಲ್ಲ ತೀರ್ಪು ಕೊಡುತ್ತದೆ, ತಾಯಿಗೂ ಮಗನಿಗೂ ಮಾತೇ ಇಲ್ಲ. ತಾಯಿಯ ಪಾತ್ರಕ್ಕೆ ರೇವತಿಗೆ 2021ನೆಯ ಸಾಲಿನ ಕೇರಳ ರಾಜ್ಯ ಪ್ರಶಸ್ತಿ ಸಿಕ್ಕಿತು. ಮಲಯಾಳ ತಿಳಿದ ನಮ್ಮ ಓದುಗರು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು.

‘ಬಾಬಾಡೂಕ್’ ತನ್ನ ಊರಲ್ಲಿ ಓಡಲಿಲ್ಲ. 2014ರ ಜನವರಿಯಲ್ಲಿ ಅಮೆರಿಕದ ಸನ್‌ಡಾನ್ಸ್ ಉತ್ಸವದಲ್ಲಿ ಹೆಸರು ಮಾಡಿ ಬಂದರೂ, ಮೇ ತಿಂಗಳಲ್ಲಿ ಆಸ್ಟ್ರೇಲಿಯಾದಲ್ಲಿ ಅದಕ್ಕೆ ಸಿಕ್ಕಿದ್ದು 13 ಥಿಯೇಟರ್ ಮಾತ್ರ. ಬ್ರಿಟನ್ನಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಜನ ನೋಡಿದರು. ‘ಎಕ್ಸಾರ್ಸಿಸ್ಟ್’ ಮಾಡಿದ ಫ್ರೀಡ್ಕಿನ್ನರೇ ಇಷ್ಟು ಹೆದರಿಸಿದ ಸಿನೆಮಾ ಬೇರೆ ನೋಡಿಲ್ಲವೆಂದು ಹೊಗಳಿದ ಮೇಲೆ ಊರವರಿಗೂ ಬೆಲೆ ಗೊತ್ತಾಯಿತು. 2015ರ ಜನವರಿಯಲ್ಲಿ ಆಸ್ಟ್ರೇಲಿಯಾದ ಆಕ್ಟಾ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರದ ಗೌರವವನ್ನು ‘ದ ವಾಟರ್ ಡಿವೈನರ್’ ಜೊತೆ ಹಂಚಿಕೊಂಡಿತು. ನಿರ್ದೇಶನ, ಚಿತ್ರಕಥೆ ಎರಡೂ ಕೆಂಟ್ ಅವರಿಗೇ. ಎರಡನೆಯ ಭಾಗ ಮಾಡಿ ಎಂಬ ಒತ್ತಾಯಕ್ಕೆ ಅವರು ಒಪ್ಪಲಿಲ್ಲ. ಹಕ್ಕನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡು, 2018ರಲ್ಲಿ ‘ದ ನೈಟಿಂಗೇಲ್’ ಎಂಬ, ಭೂತವಿಲ್ಲದ, ಇನ್ನೂ ಕಠಿಣವಾದ ಚರಿತ್ರೆಯ ಸಿನೆಮಾಕ್ಕೆ ಹೋದರು. 2024ರ ಸೆಪ್ಟೆಂಬರಿನಲ್ಲಿ, ಹತ್ತು ವರ್ಷ ತುಂಬಿದ ನೆನಪಿಗೆ, ಬಾಬಾಡೂಕ್ ಅಮೆರಿಕದ ಥಿಯೇಟರುಗಳಿಗೆ ಮತ್ತೊಮ್ಮೆ ಬಂದು ಹೋಯಿತು.